ಗೀರು ಎಳೆಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದಾಗ

ವಿಜ್ಞಾನ ಅಂಕಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಹಾಸಿನ ಮೇಲೆ ಗೀರು ಎಳೆದು, ಆ ಖಾಲಿ ಜಾಗವನ್ನು ಕೋಶಗಳು ಎಷ್ಟು ಬೇಗ ತುಂಬುತ್ತವೆ ಎಂದು ಅಳೆಯುವ ಪರೀಕ್ಷೆಯ ಬಗ್ಗೆ, ಅದನ್ನು ಈಗ ಯಂತ್ರಗಳಿಂದಲೇ ಮಾಡಿಸುತ್ತಿರುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಕಿರು ಟಿಪ್ಪಣಿ ಬಂದಿತ್ತು. ಅದನ್ನು ಓದಿ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಒಂದೆಲಗದ ಸಾರವು ಚರ್ಮದ ಕೋಶಗಳ ಚಲನೆಯನ್ನು ಹೆಚ್ಚಿಸುತ್ತದೆಯೇ ಎಂದು ನೋಡುವುದು ನನ್ನ ಪ್ರಬಂಧದ ವಿಷಯ. ಆರು ವೆಲ್‌ಗಳ (ಗುಳಿಗಳ) ಪ್ಲೇಟ್‌ನಲ್ಲಿ 200 ಮೈಕ್ರೋಲೀಟರ್ ಪಿಪೆಟ್ ಟಿಪ್‌ನಿಂದ (ದ್ರವ ಅಳೆದು ಹಾಕುವ ನಳಿಕೆಯ ಚೂಪಾದ ತುದಿಯಿಂದ) ಗೀರು ಎಳೆದು, ಆರಂಭದಲ್ಲಿ ಒಮ್ಮೆ ಮತ್ತು 24 ಗಂಟೆಗಳ ನಂತರ ಒಮ್ಮೆ ಫೋಟೊ ತೆಗೆಯುತ್ತೇನೆ. ಸಾರವೂ ಅದೇ, ಪ್ರಮಾಣವೂ ಅದೇ. ಆದರೂ ಒಂದು ಸಲದ ಫಲಿತಾಂಶಕ್ಕೂ ಇನ್ನೊಂದು ಸಲದ ಫಲಿತಾಂಶಕ್ಕೂ ತಾಳೆಯಾಗುವುದಿಲ್ಲ. ಯಂತ್ರದಲ್ಲಿ ಮಾಡಿಸಿದರೆ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ. ನನ್ನ ಕೈ ಮಾಡದ ಯಾವ ಕೆಲಸವನ್ನು ಯಂತ್ರ ಮಾಡುತ್ತದೆ?
(ಎಂ.ಫಾರ್ಮ್ ವಿದ್ಯಾರ್ಥಿನಿ, ಬೆಳಗಾವಿ)

ಉತ್ತರ: ನಿಮ್ಮ ಪರೀಕ್ಷೆಯಲ್ಲಿ ಕೈಯ ಮರ್ಜಿಗೆ ಬಿಟ್ಟಿರುವ ಸಂಗತಿಗಳು ಎಷ್ಟಿವೆ ಎಂದು ಮೊದಲು ನೋಡಬೇಕು. ಟಿಪ್ಪನ್ನು ಹಿಡಿದ ಕೋನ ತುಸು ಬದಲಾದರೆ ಗೀರಿನ ಅಗಲ ಬದಲಾಗುತ್ತದೆ. ಹೆಚ್ಚು ಒತ್ತಿದರೆ ಕೋಶಗಳ ಜೊತೆಗೆ ತಟ್ಟೆಯ ತಳಕ್ಕೆ ಲೇಪಿಸಿದ ಕೊಲ್ಯಾಜನ್ ಅಥವಾ ಫೈಬ್ರೊನೆಕ್ಟಿನ್ ಪ್ರೋಟೀನ್ ಕೂಡ ಕಿತ್ತುಬರುತ್ತದೆ, ಆಮೇಲೆ ಕೋಶಗಳಿಗೆ ಕಾಲೂರಲು ನೆಲೆಯೇ ಇರುವುದಿಲ್ಲ. ಎಳೆಯುವ ವೇಗ ಹೆಚ್ಚು ಕಡಿಮೆಯಾದರೆ ಕೋಶಗಳು ಅಂಚಿನಲ್ಲಿ ಗುಡ್ಡೆಯಾಗಿ ಮಡಚಿಕೊಳ್ಳುತ್ತವೆ, ಆ ಮಡಿಕೆ ಬಿಚ್ಚಿಕೊಳ್ಳುವುದೇ ಮೊದಲ ಕೆಲವು ಗಂಟೆಗಳ ‘ಚಲನೆ’ಯಾಗಿ ಲೆಕ್ಕಕ್ಕೆ ಸೇರಿಬಿಡುತ್ತದೆ. ಇಷ್ಟೆಲ್ಲ ಆದ ಮೇಲೆ 24 ಗಂಟೆಗಳ ನಂತರ ಮೈಕ್ರೋಸ್ಕೋಪಿನ ಕೆಳಗೆ ಪ್ಲೇಟ್ ಇಟ್ಟಾಗ, ಮೊದಲು ಫೋಟೊ ತೆಗೆದ ಜಾಗವೇ ಇದು ಎಂದು ಖಚಿತವಾಗಿ ಹೇಳುವುದು ಕಷ್ಟ. ಗೀರು ಉದ್ದಕ್ಕೂ ಒಂದೇ ಅಗಲವಾಗಿರುವುದಿಲ್ಲವಾದ್ದರಿಂದ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಉತ್ತರ ಬೇರೆಯಾಗುತ್ತದೆ. ಇನ್ನೂ ಒಂದಿದೆ. ಪ್ಲೇಟನ್ನು ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನಿಂದ ಹೊರತೆಗೆದು ಫೋಟೊ ತೆಗೆಯುವಷ್ಟರಲ್ಲಿ ಮೀಡಿಯಾದ, ಅಂದರೆ ಕೋಶಗಳಿಗೆ ಆಹಾರವಾಗುವ ದ್ರವದ, ಕೆಂಪು ನೇರಳೆ-ಗುಲಾಬಿಯತ್ತ ತಿರುಗುವುದನ್ನು ನೀವೇ ನೋಡಿರುತ್ತೀರಿ. ಇಂಗಾಲದ ಡೈಆಕ್ಸೈಡ್ ಹೊರಹೋಗಿ ಕ್ಷಾರೀಯತೆ ಏರುತ್ತಿದೆ ಎಂಬುದರ ಸೂಚನೆ ಅದು. ಜೊತೆಗೆ ತಾಪಮಾನವೂ 37 ಡಿಗ್ರಿಯಿಂದ ಇಳಿಯುತ್ತಿರುತ್ತದೆ, ತಣ್ಣಗಾದ ಕೋಶ ನಿಧಾನವಾಗುತ್ತದೆ.

ಯಂತ್ರ ಮಾಡುವುದು ಈ ಮರ್ಜಿಗಳನ್ನು ಒಂದೊಂದಾಗಿ ಕಿತ್ತುಹಾಕುವ ಕೆಲಸ. ಕೋಶಗಳ ಚಿತ್ರಗಳನ್ನು ತಾನೇ ತೆಗೆಯುವ, ಹೆಚ್ಚು ಬಳಕೆಯಲ್ಲಿರುವ ಇನ್‌ಕ್ಯುಸೈಟ್ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ. ಅದರ ಜೊತೆ ಬರುವ ಗೀರು ಹಾಕುವ ಸಾಧನದಲ್ಲಿ 96 ಮೊಳೆಗಳಿದ್ದು, 96 ವೆಲ್‌ಗಳಲ್ಲಿಯೂ ಒಮ್ಮೆಗೇ 700ರಿಂದ 800 ಮೈಕ್ರೋಮೀಟರ್ ಅಗಲದ ಗೀರನ್ನು ಎಳೆಯುತ್ತದೆ. ಇದು ಸಾಧ್ಯವಾಗುವುದು ಎಲ್ಲ ತಯಾರಕರ 96 ವೆಲ್‌ಗಳ ಪ್ಲೇಟ್‌ಗಳಲ್ಲಿಯೂ ವೆಲ್‌ನಿಂದ ವೆಲ್‌ಗೆ ಇರುವ ಅಂತರ 9 ಮಿಲಿಮೀಟರ್ ಎಂದು ನಿಗದಿಯಾಗಿರುವುದರಿಂದ. ಪ್ರಯೋಗಾಲಯದ ಯಾಂತ್ರೀಕರಣದ ಮಾತು ಬಂದಾಗ ಎಲ್ಲರೂ ರೋಬಾಟ್ ತೋಳುಗಳನ್ನು ಹೊಗಳುತ್ತಾರೆ. ನನ್ನ ಮಟ್ಟಿಗೆ ಹೊಗಳಿಕೆ ಸಲ್ಲಬೇಕಾದದ್ದು 1951ರಲ್ಲಿ ಹಂಗೆರಿಯ ಜೂಲಾ ಟಕಾಟ್ಸಿ ಅವರು ರೂಪಿಸಿದ ಸಣ್ಣ ಗುಳಿಗಳ ಪ್ಲೇಟ್‌ಗೆ ಮತ್ತು ಆಮೇಲೆ ಅದಕ್ಕೆ ಒಂದೇ ಅಳತೆಯನ್ನು ಒಪ್ಪಿಕೊಂಡವರಿಗೆ. ಗೀರು ಹಾಕಿದ ಪ್ಲೇಟ್ ಇನ್‌ಕ್ಯುಬೇಟರಿನ ಒಳಗೇ ಕೂತಿರುವ ಮೈಕ್ರೋಸ್ಕೋಪಿನ ಮೇಲೆ ಕದಲದೆ ಇರುತ್ತದೆ. ಓಡಾಡುವುದು ಕೆಳಗಿನ ಕ್ಯಾಮೆರಾ ಮಾತ್ರ. ಪ್ಲೇಟಿನ ತಳದಲ್ಲಿ ಅಚ್ಚು ಮಾಡಿರುವ ಗುರುತುಗಳ ನೆರವಿನಿಂದ ಅದು ಪ್ರತಿ ಸಲವೂ ಅದೇ ಜಾಗಕ್ಕೆ ಮರಳುತ್ತದೆ. ಎರಡು ಗಂಟೆಗೊಮ್ಮೆ ಒಂದು ಫೋಟೊದಂತೆ 48 ಗಂಟೆ ಬಿಟ್ಟರೆ, ಆರಂಭದ್ದೂ ಸೇರಿ ಪ್ರತಿ ವೆಲ್‌ಗೆ 25, ಇಡೀ ಪ್ಲೇಟ್‌ಗೆ 2,400 ಚಿತ್ರಗಳಾದವು.

ಗೀರನ್ನೇ ಎಳೆಯದ ದಾರಿಯೂ ಒಂದಿದೆ. 1973ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಐವರ್ ಗಿಯೇವರ್ ಆಮೇಲೆ ಜೀವವಿಜ್ಞಾನದತ್ತ ಹೊರಳಿ, ಚಾರ್ಲ್ಸ್ ಕೀಸ್ ಅವರೊಡನೆ ಕೋಶಗಳನ್ನು ಚಿನ್ನದ ಪುಟ್ಟ ವಿದ್ಯುದ್ವಾರದ ಮೇಲೆ ಬೆಳೆಸಿ ವಿದ್ಯುತ್ ಪ್ರತಿರೋಧ ಅಳೆಯುವ ವಿಧಾನವನ್ನು 1984ರಲ್ಲಿ ಪ್ರಕಟಿಸಿದರು. ಕೋಶಗಳು ವಿದ್ಯುದ್ವಾರವನ್ನು ಮುಚ್ಚಿದಷ್ಟೂ ಪ್ರತಿರೋಧ ಏರುತ್ತದೆ. ಸ್ವಲ್ಪ ಹೊತ್ತು ಬಲವಾದ ವಿದ್ಯುತ್ ಹರಿಸಿದರೆ ಆ ವಿದ್ಯುದ್ವಾರದ ಮೇಲಿನ ಕೋಶಗಳಷ್ಟೇ ಸಾಯುತ್ತವೆ. ಸುತ್ತಲಿನವು ಒಳಕ್ಕೆ ಸರಿದು ಬಂದಂತೆ ಪ್ರತಿರೋಧ ಮತ್ತೆ ಏರುತ್ತದೆ. ವಿದ್ಯುದ್ವಾರದ ವ್ಯಾಸ ಸುಮಾರು 250 ಮೈಕ್ರೋಮೀಟರ್, ಆದ್ದರಿಂದ ಗಾಯದ ಅಳತೆಯೂ ಪ್ರತಿ ಸಲ ಅಷ್ಟೇ. ತಳದ ಲೇಪ ಕಿತ್ತುಬರುವ ಭಯವಿಲ್ಲ, ಫೋಟೊ ತೆಗೆಯುವ ಅಗತ್ಯವೂ ಇಲ್ಲ. ಆದರೆ ಫೋಟೊ ಇಲ್ಲದಿರುವುದೇ ಇದರ ಕೊರತೆಯೂ ಹೌದು, ಏಕೆಂದರೆ ಕೋಶಗಳು ಹೇಗೆ ಬಂದವು ಎಂಬುದನ್ನು ಒಂದು ಸಂಖ್ಯೆ ಹೇಳಲಾರದು.

ಪ್ರಶ್ನೆ: ಗಾಯ ಎಂದರೆ ರಕ್ತ, ನೋವು, ಕೀವು, ಹೊಪ್ಪಳಿಕೆ. ಪ್ಲಾಸ್ಟಿಕ್ ತಟ್ಟೆಯಲ್ಲಿ ಕೋಶಗಳನ್ನು ಕೆರೆದು ಅದನ್ನು ‘ಗಾಯ ಮಾಯುವಿಕೆಯ ಅಧ್ಯಯನ’ ಎನ್ನುವುದು ಎಷ್ಟು ಸರಿ?
(ನಿವೃತ್ತ ಶಿಕ್ಷಕರು, ಶಿರಸಿ)

ಉತ್ತರ: ಪೂರ್ತಿ ಸರಿಯಲ್ಲ. ಚರ್ಮದ ಗಾಯದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಆಮೇಲೆ ಬಿಳಿರಕ್ತಕಣಗಳು ಬಂದು ಉರಿಯೂತವಾಗುತ್ತದೆ, ಬಳಿಕ ಹೊಸ ಅಂಗಾಂಶ ಬೆಳೆಯುತ್ತದೆ, ಕೊನೆಗೆ ಕಲೆ ತಿಂಗಳುಗಟ್ಟಲೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ತಟ್ಟೆಯ ಗೀರು ಇವುಗಳಲ್ಲಿ ಮೂರನೆಯ ಹಂತದ ಒಂದು ಎಳೆಯನ್ನು, ಅಂದರೆ ಅಂಚಿನ ಕೋಶಗಳು ಖಾಲಿ ಜಾಗಕ್ಕೆ ಸರಿಯುವುದನ್ನು ಮಾತ್ರ ತೋರಿಸುತ್ತದೆ. ಆದರೆ ಆ ಒಂದು ಎಳೆ ಸಣ್ಣದಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮೈಕೇಲ್ ಅಬರ್‌ಕ್ರೋಂಬಿ ಮತ್ತು ಜೋನ್ ಹೀಸ್‌ಮನ್ 1953-54ರಲ್ಲಿ ತೋರಿಸಿದಂತೆ, ಚಲಿಸುತ್ತಿರುವ ಕೋಶವೊಂದು ಇನ್ನೊಂದಕ್ಕೆ ತಾಗಿದರೆ ಆ ದಿಕ್ಕಿನ ಚಲನೆಯನ್ನು ನಿಲ್ಲಿಸುತ್ತದೆ. ತುಂಬಿದ ಹಾಸಿನಲ್ಲಿ ಎಲ್ಲರಿಗೂ ಎಲ್ಲ ಕಡೆಯಿಂದಲೂ ನೆರೆಯವರಿರುವುದರಿಂದ ಯಾರೂ ಮುಂದಕ್ಕೆ ಹೋಗುವಂತಿಲ್ಲ. ಗೀರು ಬಿದ್ದ ಕೂಡಲೇ ಅಂಚಿನ ಕೋಶಗಳಿಗೆ ಒಂದು ಬದಿ ತೆರೆದುಕೊಳ್ಳುತ್ತದೆ. ಆ ಬದಿಯಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ತಂತುಗಳು ಬೆಳೆದು ಕೋಶದ ಪೊರೆಯನ್ನು ತೆಳುವಾದ ಹಾಳೆಯಂತೆ ಮುಂದಕ್ಕೆ ತಳ್ಳುತ್ತವೆ, ಹಾಳೆ ತಳಕ್ಕೆ ಅಂಟಿಕೊಳ್ಳುತ್ತದೆ, ಹಿಂಬದಿ ಕಳಚಿಕೊಂಡು ಕೋಶದ ಮೈ ಮುಂದಕ್ಕೆ ಬರುತ್ತದೆ. ನಮ್ಮ ಚರ್ಮದಲ್ಲಿ ಗಾಯದ ಮೇಲೆ ಹೊಸ ಹೊರಪದರ ಹರಡಿಕೊಳ್ಳುವಾಗ ನಡೆಯುವುದೂ ಇದೇ.

ಪ್ರಾಣಿಗಳ ಮೇಲಿನ ಪ್ರಯೋಗವಾದರೆ ಇದಕ್ಕಿಂತ ನಿಜಕ್ಕೆ ಹತ್ತಿರ ಎಂದುಕೊಳ್ಳುವವರಿದ್ದಾರೆ. ಅಲ್ಲಿಯೂ ತೊಡಕಿದೆ. ಇಲಿಯ ಚರ್ಮದ ಅಡಿಯಲ್ಲಿ ತೆಳುವಾದ ಸ್ನಾಯುಪದರವೊಂದಿದ್ದು, ಅದರ ಗಾಯ ಬಹುಪಾಲು ಮುಚ್ಚುವುದು ಚರ್ಮ ಕುಗ್ಗಿ ಎಳೆದುಕೊಳ್ಳುವುದರಿಂದ. ಮನುಷ್ಯರಲ್ಲಿ ಹೊಸ ಅಂಗಾಂಶ ತುಂಬಿ ಹೊರಪದರ ಹರಡಿಕೊಳ್ಳುವುದರ ಪಾಲು ದೊಡ್ಡದು. ಹಾಗಾಗಿ ಲೇಖನಗಳ ತಲೆಬರಹದಲ್ಲಿ ‘ಗಾಯ ಮಾಯಿಸುವ ಔಷಧಿ’ ಎಂದು ಕಂಡರೆ, ಒಳಗೆ ಇರುವುದು ತಟ್ಟೆಯ ಗೀರೋ, ಇಲಿಯ ಬೆನ್ನೋ, ರೋಗಿಯ ಕಾಲೋ ಎಂದು ನೋಡಿಕೊಂಡೇ ಮುಂದಕ್ಕೆ ಓದಬೇಕು.

ಪ್ರಶ್ನೆ: ಚಿತ್ರದಲ್ಲಿ ಖಾಲಿ ಜಾಗ ಎಷ್ಟಿದೆ ಎಂದು ಎಣಿಸುವುದು ಪಿಕ್ಸೆಲ್ ಲೆಕ್ಕವಷ್ಟೇ ಅಲ್ಲವೇ? ಅದಕ್ಕೆ ಕೃತಕ ಬುದ್ಧಿಮತ್ತೆ ಏಕೆ ಬೇಕು?
(ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು)

ಉತ್ತರ: ಬಣ್ಣ ಹಾಕಿದ ಕೋಶಗಳಾದರೆ ನೀವು ಹೇಳಿದಂತೆ ಹೆಚ್ಚು ತೊಂದರೆಯಿಲ್ಲ. ಆದರೆ ಬಣ್ಣ ಹಾಕಿ ಪದೇಪದೇ ಬೆಳಕು ಬೀರಿದರೆ ಕೋಶಗಳಿಗೆ ಪೆಟ್ಟು ಬೀಳುತ್ತದೆ ಎಂಬ ಕಾರಣಕ್ಕೆ ಬಹಳಷ್ಟು ಜನ ಕೋಶದ ಮೂಲಕ ಹಾದ ಬೆಳಕಿನ ವ್ಯತ್ಯಾಸದಿಂದ ಮೂಡುವ, ಬಣ್ಣವಿಲ್ಲದ ಫೇಸ್ ಕಾಂಟ್ರಾಸ್ಟ್ ಚಿತ್ರಗಳನ್ನೇ ಬಳಸುತ್ತಾರೆ. ಅಲ್ಲಿ ಕೋಶವೂ ಬೂದು, ಖಾಲಿ ಜಾಗವೂ ಬೂದು, ಅಂಚಿನ ಸುತ್ತ ಬೆಳಕಿನ ಪ್ರಭೆ ಬೇರೆ. ಸರಾಸರಿ ಹೊಳಪನ್ನು ನೋಡಿ ಬೇರ್ಪಡಿಸಲು ಆಗದು. ವ್ಯತ್ಯಾಸವಿರುವುದು ಮೇಲ್ಮೈಯಲ್ಲಿ: ಖಾಲಿ ಜಾಗ ನುಣುಪು, ಕೋಶಗಳಿರುವ ಜಾಗ ತರಿತರಿ. ಆದ್ದರಿಂದ ಪ್ರತಿ ಪಿಕ್ಸೆಲ್‌ನ ಸುತ್ತಮುತ್ತ ಹೊಳಪು ಎಷ್ಟು ಏರಿಳಿಯುತ್ತದೆ ಎಂದು ಲೆಕ್ಕ ಹಾಕಿ, ಒಂದು ಮಿತಿಗಿಂತ ಕಡಿಮೆ ಏರಿಳಿತವಿದ್ದರೆ ಅದು ಖಾಲಿ ಎಂದು ಗುರುತಿಸುತ್ತಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಕಟ್ಟಿದ ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಮಾಡಬಹುದು. ಜ್ಯೂರಿಕ್‌ನ ತಂಡವೊಂದು 2009ರಲ್ಲಿ ಪ್ರಕಟಿಸಿದ ಟಿಸ್ಕ್ರಾಚ್ ಇದೇ ಕೆಲಸವನ್ನು ಇನ್ನೊಂದು ಗಣಿತದಿಂದ ಮಾಡುತ್ತದೆ.

ಆ ‘ಮಿತಿ’ಯಲ್ಲೇ ಪೇಚಿದೆ. ಗೀರು ಹಾಕಿದ ಮೇಲೆ ಸರಿಯಾಗಿ ತೊಳೆಯದಿದ್ದರೆ ಸತ್ತ ಕೋಶಗಳು ಖಾಲಿ ಜಾಗದಲ್ಲಿ ತೇಲುತ್ತವೆ, ತಂತ್ರಾಂಶ ಅವನ್ನು ಮುಂದಕ್ಕೆ ಬಂದ ಕೋಶಗಳೆಂದು ಎಣಿಸುತ್ತದೆ. ಅಂಚಿನ ಕೋಶ ಹರಡಿಕೊಂಡು ತೀರಾ ತೆಳುವಾದಾಗ ಅದನ್ನೇ ಖಾಲಿ ಎಂದುಕೊಳ್ಳುತ್ತದೆ. 2015ರಲ್ಲಿ ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದಿಂದ ಬಂದ ಯು-ನೆಟ್ ಮಾದರಿಯ ಕೃತಕ ನರಜಾಲಗಳು ನೆರವಿಗೆ ಬರುವುದು ಇಲ್ಲಿ. ಮನುಷ್ಯರು ಅಂಚು ಗುರುತಿಸಿಕೊಟ್ಟ ಚಿತ್ರಗಳಿಂದ ಕಲಿತು, ಕಸ ಯಾವುದು, ಕೋಶ ಯಾವುದು ಎಂಬುದನ್ನು ಅವು ಆಕಾರದಿಂದಲೂ ತಿಳಿಯುತ್ತವೆ. ಕಲಿಸಿದವರ ಕಣ್ಣಿನ ಪಕ್ಷಪಾತವೂ ಅದರ ಜೊತೆಗೇ ಬರುತ್ತದೆ ಎಂಬುದನ್ನು ನೀವು ಎಂಜಿನಿಯರಿಂಗ್ ಓದುತ್ತಿರುವವರು ನನಗಿಂತ ಚೆನ್ನಾಗಿ ಬಲ್ಲಿರಿ.

ಅಂಚು ಸರಿಯಾಗಿ ಸಿಕ್ಕ ಮೇಲೂ ಯಾವ ಸಂಖ್ಯೆಯನ್ನು ವರದಿ ಮಾಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ, ಹೆಚ್ಚಿನ ಪ್ರಬಂಧಗಳು ಎಡವುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಒಂದು ವೆಲ್‌ನಲ್ಲಿ ಗೀರಿನ ಅಗಲ 600 ಮೈಕ್ರೋಮೀಟರ್, ಇನ್ನೊಂದರಲ್ಲಿ 900 ಎಂದುಕೊಳ್ಳಿ. ಎರಡರಲ್ಲೂ ಕೋಶಗಳ ವೇಗ ಒಂದೇ. ಪ್ರತಿ ಅಂಚು ಗಂಟೆಗೆ 15ರಂತೆ ಸರಿದು, ಒಟ್ಟು ಗಂಟೆಗೆ 30 ಮೈಕ್ರೋಮೀಟರ್ ಮುಚ್ಚುತ್ತದೆ. ಹನ್ನೆರಡು ಗಂಟೆಗಳಲ್ಲಿ ಎರಡೂ ಕಡೆ 360 ಮುಚ್ಚಿತು. ಶೇಕಡಾವಾರು ಬರೆದರೆ ಮೊದಲನೆಯದು 60, ಎರಡನೆಯದು 40! ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಬರೀ ನೀರು ಹಾಕಿದ್ದರೆ, ಇಲ್ಲದ ಗುಣವನ್ನು ಔಷಧಿಗೆ ಆರೋಪಿಸಿದಂತಾಗುತ್ತದೆ. ಇದರ ತಿರುವುಮುರುವೂ ಆಗಬಹುದು. ಔಷಧಿಯಿಂದ ವೇಗ ನಿಜವಾಗಿಯೂ ಗಂಟೆಗೆ 40ಕ್ಕೆ ಏರಿದೆ ಎನ್ನೋಣ. 600ರ ಗೀರು ಔಷಧಿಯಿದ್ದರೆ 15 ಗಂಟೆಯಲ್ಲಿ, ಇಲ್ಲದಿದ್ದರೆ 20 ಗಂಟೆಯಲ್ಲಿ ಮುಚ್ಚುತ್ತದೆ. 24ನೇ ಗಂಟೆಗೆ ಫೋಟೊ ತೆಗೆದವರಿಗೆ ಎರಡೂ ಶೇ. 100, ವ್ಯತ್ಯಾಸ ಶೂನ್ಯ. ಎರಡು ಗಂಟೆಗೊಮ್ಮೆ ತೆಗೆದ ಚಿತ್ರಗಳಿದ್ದರೆ, ಅವುಗಳಿಂದ ಬಿಡಿಸಿದ ರೇಖೆಯ ಇಳಿಜಾರಿನಿಂದಲೇ ವೇಗ ತಿಳಿಯುತ್ತದೆ. ಬೆಳಗಾವಿಯ ಓದುಗರೂ ಇದನ್ನು ಗಮನಿಸಲಿ. ಅವರ ತಾಳೆಯಾಗದ ಫಲಿತಾಂಶಗಳಲ್ಲಿ ಎಷ್ಟೋ ಪಾಲು ಈ ಲೆಕ್ಕದ್ದೇ ಇರಬಹುದು.

ಗುಂಪಾಗಿ ಬಾರದೆ ಬಿಡಿಬಿಡಿಯಾಗಿ ನುಗ್ಗುವ ಕೋಶಗಳಿಗೆ, ಕೆಲವು ಕ್ಯಾನ್ಸರ್ ಕೋಶಗಳು ಹೀಗಿರುತ್ತವೆ, ಸ್ಪಷ್ಟವಾದ ಅಂಚೇ ಇರುವುದಿಲ್ಲ. ಅಂಥಲ್ಲಿ ಗೀರಿನ ಒಳಗಿನ ಕೋಶಸಾಂದ್ರತೆಯನ್ನು ಹೊರಗಿನ ಸಾಂದ್ರತೆಗೆ ಹೋಲಿಸಿ ಅನುಪಾತ ತೆಗೆಯುವುದು ವಾಸಿ.

ಪ್ರಶ್ನೆ: ಖಾಲಿ ಜಾಗ ತುಂಬಿತು ಎಂದರೆ ಕೋಶಗಳು ನಡೆದು ಬಂದವು ಎಂದೇ ಅರ್ಥವೇ? ಅಲ್ಲಿಯೇ ಹುಟ್ಟಿಕೊಂಡಿರಲೂಬಹುದಲ್ಲವೇ?
(ಜೀವವಿಜ್ಞಾನ ಉಪನ್ಯಾಸಕಿ, ದಾವಣಗೆರೆ)

ಉತ್ತರ: ಖಂಡಿತ ಇರಬಹುದು. 1965ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಟೊಡಾರೊ, ಲಾಜಾರ್ ಮತ್ತು ಗ್ರೀನ್ ಕೋಶಗಳ ಹಾಸನ್ನು ಕೆರೆದು ಪ್ರಕಟಿಸಿದ ಪ್ರಸಿದ್ಧ ಅಧ್ಯಯನದ ಉದ್ದೇಶವೇ ಕೋಶ ವಿಭಜನೆ ಹೇಗೆ ಶುರುವಾಗುತ್ತದೆ ಎಂದು ತಿಳಿಯುವುದಾಗಿತ್ತು. ಅದೇ ಪರೀಕ್ಷೆಯನ್ನು ಇಂದು ಚಲನೆಯ ಅಳತೆಗೆ ಬಳಸುವಾಗ, ವಿಭಜನೆಯನ್ನು ಹೊರಗಿಡುವ ಹೊಣೆ ನಮ್ಮದು. ಕೋಶಗಳು ಬೆಳೆಯಲೆಂದು ಮೀಡಿಯಾಕ್ಕೆ ಸೇರಿಸುವ ಸೀರಂ (ರಕ್ತದ ದ್ರವಭಾಗ) ಕಡಿಮೆ ಮಾಡುವುದು ಒಂದು ದಾರಿ. ಮೈಟೊಮೈಸಿನ್-ಸಿ ಹಾಕಿ ಡಿಎನ್‌ಎ ನಕಲಾಗುವುದನ್ನು ತಡೆಯುವುದು ಇನ್ನೊಂದು, ಆದರೆ ಅದು ಸ್ವತಃ ವಿಷ. ಪ್ರಮಾಣ ಹೆಚ್ಚಾದರೆ ನಡೆಯಬೇಕಾದ ಕೋಶವೇ ಸುಸ್ತಾಗುತ್ತದೆ. ಯಂತ್ರವಿದ್ದವರಿಗೆ ಮೂರನೆಯ ದಾರಿಯಿದೆ. ಕೋಶಕೇಂದ್ರಗಳಿಗೆ ಹೊಳೆಯುವ ಪ್ರೋಟೀನ್ ಸೇರಿಸಿ, ಕೆಲವು ನಿಮಿಷಗಳಿಗೊಮ್ಮೆ ಚಿತ್ರ ತೆಗೆದು ಪ್ರತಿಯೊಂದನ್ನೂ ಹಿಂಬಾಲಿಸಿದರೆ, ಯಾವುದು ಎಲ್ಲಿಂದ ಬಂತು, ಯಾವುದು ಎಲ್ಲಿ ಎರಡಾಯಿತು ಎಂದು ಕಣ್ಣಾರೆ ತಿಳಿಯುತ್ತದೆ. ಯಾಂತ್ರೀಕರಣದ ನಿಜವಾದ ಲಾಭ ಯಾವುದು ಎಂದು ಕೇಳಿದರೆ ನಾನು ವೇಗಕ್ಕಿಂತ ಮುಂಚೆ ಇದನ್ನು ಹೇಳುತ್ತೇನೆ. ಇದ್ಯಾವುದೂ ಆಗದಿದ್ದರೆ, ಕೋಶಗಳು ಇಮ್ಮಡಿಯಾಗಲು ಬೇಕಾದ ಸಮಯಕ್ಕಿಂತ ಸಾಕಷ್ಟು ಮುಂಚೆಯೇ ಅಳತೆ ಮುಗಿಸಿ.

ಪ್ರಶ್ನೆ: ನನ್ನ ತಂದೆಯವರಿಗೆ ಸಕ್ಕರೆ ಕಾಯಿಲೆಯಿದ್ದು, ಪಾದದ ಹುಣ್ಣು ತಿಂಗಳುಗಳಿಂದ ಮಾಯುತ್ತಿಲ್ಲ. ಇಂಥ ಯಂತ್ರಗಳಿಂದ ಬೇಗ ಔಷಧಿ ಬರಬಹುದೇ? ಅಲ್ಲಿಯವರೆಗೆ ಅರಿಸಿನ ಹಚ್ಚಬಹುದೇ?
(ಓದುಗರು, ರಾಯಚೂರು)

ಉತ್ತರ: ಕೋಶಗಳನ್ನು ಸೆಳೆಯುವ, ಬೆಳೆಸುವ ಪಿಡಿಜಿಎಫ್ ಎಂಬ ಪ್ರೋಟೀನ್ ಈ ಬಗೆಯ ಪ್ರಯೋಗಾಲಯ ಅಧ್ಯಯನಗಳಲ್ಲಿ ಬಹಳ ಹಿಂದಿನಿಂದ ಪರಿಚಿತ. ಅದನ್ನೇ ಬೆಕಾಪ್ಲರ್ಮಿನ್ ಎಂಬ ಜೆಲ್ ರೂಪದಲ್ಲಿ ಮಧುಮೇಹಿಗಳ ಪಾದದ ಹುಣ್ಣಿಗೆ ಬಳಸಲು ಅಮೆರಿಕದ ಔಷಧ ನಿಯಂತ್ರಕರು 1997ರಲ್ಲಿ ಅನುಮತಿ ಕೊಟ್ಟರು. ಅಂದರೆ ತಟ್ಟೆಯಿಂದ ಪಾದದವರೆಗೆ ದಾರಿ ಇದೆ, ಆದರೆ ಅದು ದೂರದ ದಾರಿ. ಯಂತ್ರ ಚಿಕ್ಕದು ಮಾಡುವುದು ಅದರ ಮೊದಲ ತುಣುಕನ್ನು ಮಾತ್ರ. ಪಾದದ ಹುಣ್ಣಿನಲ್ಲಿ ರಕ್ತ ಸಂಚಾರ, ನರಗಳ ಸಂವೇದನೆ, ಸೋಂಕು, ನಡೆಯುವಾಗ ಬೀಳುವ ಒತ್ತಡ ಎಲ್ಲವೂ ಸೇರಿರುತ್ತವೆ. ತಟ್ಟೆಯ ಕೋಶಗಳಿಗೆ ಇವು ಯಾವುವೂ ಇಲ್ಲ. ತಿಂಗಳುಗಳಿಂದ ಮಾಯದ ಹುಣ್ಣಿಗೆ ಅರಿಸಿನವಾಗಲಿ ಬೇರೇನಾಗಲಿ ಹಚ್ಚಿ ಕಾಯುವುದು ಬೇಡ. ತಡಮಾಡದೆ ಮಧುಮೇಹದ ಪಾದಗಳನ್ನು ನೋಡುವ ಶಸ್ತ್ರಚಿಕಿತ್ಸಕರಿಗೆ ತೋರಿಸಿ.

ಪ್ರಶ್ನೆ: ನಮ್ಮ ಕಾಲೇಜಿಗೆ ಇಂಥ ಯಂತ್ರ ಕೊಳ್ಳುವ ಶಕ್ತಿಯಿಲ್ಲ. ಇನ್‌ಕ್ಯುಬೇಟರ್, ಕ್ಯಾಮೆರಾ ಇರುವ ಇನ್ವರ್ಟೆಡ್ ಮೈಕ್ರೋಸ್ಕೋಪ್, ಒಂದು ಕಂಪ್ಯೂಟರ್ ಇವೆ. ಗಿಡಮೂಲಿಕೆಗಳ ಸಾರಗಳನ್ನು, ಅರಿಸಿನವನ್ನೂ ಸೇರಿಸಿ, ಪರೀಕ್ಷಿಸುವ ಯೋಜನೆಯಿದೆ. ಇಷ್ಟರಲ್ಲೇ ಏನು ಮಾಡಬಹುದು?
(ಜೈವಿಕ ತಂತ್ರಜ್ಞಾನ ವಿಭಾಗದ ಅಧ್ಯಾಪಕರು, ತುಮಕೂರು)

ಉತ್ತರ: ಸಾಕಷ್ಟು ಮಾಡಬಹುದು. ದುಡ್ಡಿದ್ದಷ್ಟನ್ನು ಮೊದಲು ಗೀರಿನ ಮೇಲೆ ಹಾಕಿ, ತಂತ್ರಾಂಶದ ಮೇಲಲ್ಲ. ತಟ್ಟೆಯೊಳಗೆ ಇಡುವ ಸಿಲಿಕೋನ್ ಇನ್ಸರ್ಟ್‌ಗಳು ಸಿಗುತ್ತವೆ. ಎರಡು ಪುಟ್ಟ ಕೋಣೆಗಳ ನಡುವೆ ಸುಮಾರು 500 ಮೈಕ್ರೋಮೀಟರ್ ದಪ್ಪದ ಗೋಡೆ ಇರುತ್ತದೆ. ಕೋಣೆಗಳಲ್ಲಿ ಕೋಶಗಳು ತುಂಬಿಕೊಂಡ ಮೇಲೆ ಇನ್ಸರ್ಟನ್ನು ಚಿಮಟದಿಂದ ಮೆಲ್ಲನೆ ಎತ್ತಿದರೆ ನೇರವಾದ, ಕಸವಿಲ್ಲದ ಅಂತರ ಉಳಿಯುತ್ತದೆ. ಇಲ್ಲಿ ಕೋಶಗಳಿಗೆ ಗಾಯವೇ ಆಗುವುದಿಲ್ಲವಾದ್ದರಿಂದ, ಕೆರೆತಕ್ಕೆ ಕೋಶ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದು ನಿಮ್ಮ ಪ್ರಶ್ನೆಯಾಗಿದ್ದರೆ ಇದು ಒದಗುವುದಿಲ್ಲ. ಪ್ಲೇಟಿನ ತಳಕ್ಕೆ ಹೊರಗಿನಿಂದ ತೆಳುವಾದ ಮಾರ್ಕರಿನಲ್ಲಿ ಅಂತರಕ್ಕೆ ಅಡ್ಡವಾಗಿ ಗೆರೆ ಎಳೆದು, ಪ್ರತಿ ಸಲವೂ ಗೆರೆಯ ಮೇಲುಬದಿಗೆ ಒಂದು, ಕೆಳಬದಿಗೆ ಒಂದು ಚಿತ್ರ ತೆಗೆಯಿರಿ. ನಾಲ್ಕು ಗಂಟೆಗೊಮ್ಮೆ ಹಗಲು ಹೊತ್ತಿನಲ್ಲಿ ತೆಗೆದರೂ ಎರಡು ಬಿಂದುಗಳಿಗಿಂತ ಎಷ್ಟೋ ಮೇಲು. ಇಮೇಜ್‌ಜೆಯಲ್ಲಿ ಒಮ್ಮೆ ಮ್ಯಾಕ್ರೋ (ಹಂತಗಳನ್ನು ತಾನೇ ನಡೆಸುವ ಸಣ್ಣ ಆದೇಶಪಟ್ಟಿ) ಬರೆದಿಟ್ಟುಕೊಂಡು ಎಲ್ಲ ಚಿತ್ರಗಳಿಗೂ ಅದೇ ಮಿತಿಯನ್ನು ಅನ್ವಯಿಸಿ. ಮಿತಿಯನ್ನು ಚಿತ್ರಕ್ಕೆ ತಕ್ಕಂತೆ ಬದಲಾಯಿಸುವ ಆಸೆ ಬಂದಾಗ, ಯಾವ ವೆಲ್‌ಗೆ ಏನು ಹಾಕಿದೆ ಎಂದು ಗೊತ್ತಿಲ್ಲದ ಇನ್ನೊಬ್ಬರಿಂದ ಆ ಕೆಲಸ ಮಾಡಿಸಿ.

ಪ್ಲೇಟಿನ ಅಂಚಿನ ವೆಲ್‌ಗಳಲ್ಲಿ ನೀರು ಬೇಗ ಆವಿಯಾಗಿ ಮೀಡಿಯಾ ಗಟ್ಟಿಯಾಗುವುದರಿಂದ ಅವುಗಳಲ್ಲಿ ಪರೀಕ್ಷೆ ಮಾಡದೆ ಬಫರ್ ದ್ರಾವಣ ತುಂಬಿಡಿ. ಕೋಶಗಳನ್ನು ಪಕ್ಕದ ಕಾಲೇಜಿನಿಂದ ಎರವಲು ತರುವ ಬದಲು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಭಂಡಾರದಂಥ ಕಡೆಯಿಂದಲೇ ತರಿಸಿ, ಬಂದ ಮೇಲೂ ಮೈಕೊಪ್ಲಾಸ್ಮಾ (ಕೋಶಗಳಿಗೆ ಗೊತ್ತಾಗದಂತೆ ಸೇರಿಕೊಳ್ಳುವ ಅತಿ ಸಣ್ಣ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸುತ್ತಿರಿ.

ಅರಿಸಿನದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅದರ ಹಳದಿ ಅಂಶವಾದ ಕರ್ಕ್ಯುಮಿನ್ ನೀರಿನಲ್ಲಿ ಸುಲಭವಾಗಿ ಕರಗದು. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ಮೀಡಿಯಾಕ್ಕೆ ಹಾಕಿದರೆ ಪ್ರಮಾಣ ಹೆಚ್ಚಾದಾಗ ಸಣ್ಣ ಹರಳುಗಳಾಗಿ ಕೆಳಗೆ ಕೂರುತ್ತದೆ, ತರಿತರಿಯನ್ನು ಹುಡುಕುವ ತಂತ್ರಾಂಶ ಆ ಹರಳುಗಳನ್ನು ಕೋಶಗಳೆಂದು ಎಣಿಸುತ್ತದೆ. ನೀಲಿ ಬೆಳಕು ಬಿದ್ದರೆ ಅದು ತಾನೇ ಹಸಿರಾಗಿ ಹೊಳೆಯುವುದರಿಂದ ಹಸಿರು ಬಣ್ಣದ ಗುರುತುಗಳನ್ನು ಬಳಸಿದ ಅಳತೆಯನ್ನೂ ಕೆಡಿಸುತ್ತದೆ. ಕೋಶಗಳಿಲ್ಲದ ವೆಲ್‌ಗೂ ಅದೇ ಪ್ರಮಾಣದ ಸಾರ ಹಾಕಿ ಚಿತ್ರ ತೆಗೆದು ತಂತ್ರಾಂಶಕ್ಕೆ ಕೊಡಿ. ಅಲ್ಲಿಯೂ ‘ಗಾಯ ಮುಚ್ಚಿದೆ’ ಎಂದು ಬಂದರೆ ಎಲ್ಲಿ ತಪ್ಪಾಗಿದೆ ಎಂದು ಆಗಲೇ ಗೊತ್ತಾಗುತ್ತದೆ. ಬರೀ ಡಿಎಂಎಸ್‌ಒ ಹಾಕಿದ ವೆಲ್ ಕೂಡ ಪ್ರತಿ ಪ್ಲೇಟಿನಲ್ಲಿ ಇರಲಿ. ಟ್ಯಾನಿನ್ ಎಂಬ ಒಗರು ಅಂಶ ಹೆಚ್ಚಿರುವ ಸಾರಗಳು ಪ್ರೋಟೀನುಗಳಿಗೆ ಅಂಟಿಕೊಳ್ಳುವ ಸ್ವಭಾವದವಾದ್ದರಿಂದ, ಚಲನೆ ಅಳೆಯುವ ಮುನ್ನ ಆ ಪ್ರಮಾಣದಲ್ಲಿ ಕೋಶಗಳು ಬದುಕಿರುತ್ತವೆಯೇ ಎಂಬ ಪರೀಕ್ಷೆಯನ್ನು ಬೇರೆಯಾಗಿ ಮಾಡಿಕೊಳ್ಳಿ. ಇಷ್ಟನ್ನೂ ದಾಟಿ ಎರಡು ಮೂರು ಸಾರಗಳು ಉಳಿದುಕೊಂಡರೆ, ಆಗ ಯಂತ್ರವಿರುವ ದೊಡ್ಡ ಸಂಸ್ಥೆಯೊಂದರಲ್ಲಿ ಶುಲ್ಕ ಕಟ್ಟಿ ಅವನ್ನಷ್ಟೇ 96 ವೆಲ್‌ಗಳಲ್ಲಿ, ಬೇರೆ ಬೇರೆ ಪ್ರಮಾಣಗಳಲ್ಲಿ ಪರೀಕ್ಷಿಸಿಕೊಳ್ಳಬಹುದು.